ಮೂರನೇ ಪದ

ಚಳ್ಳಕೆರೆ ಬಸ್ ನಿಲ್ದಾಣದ ಹತ್ತಿರ ನನ್ನದೊಂದು ರೇಡಿಯೋ ರಿಪೇರಿ ಅಂಗಡಿ. ಈಗ ರಿಪೇರಿಗೆ ಬರುವುದು ಮಿಕ್ಸಿ, ಫ್ಯಾನು. ಆದರೂ ಹಾಡಿನ ಹುಚ್ಚು ಬಿಟ್ಟಿಲ್ಲ. ನಮ್ಮಂಥವರು ಹನ್ನೊಂದು ಜನ ಸೇರಿ ವಾಟ್ಸಾಪ್‌ನಲ್ಲಿ ಒಂದು ಗುಂಪು ಮಾಡಿಕೊಂಡಿದ್ದೆವು. ಆ ವಾರ ಯಾವ ಆಲ್ಬಮ್ ಕೇಳಿದೆವು, ಏನು ಹಿಡಿಸಿತು ಅಂತ ಭಾನುವಾರ ಬರೆಯಬೇಕು. ವಚನ, ಗಜಲ್, ತೆಲುಗು ನಾಟಕದ ಪದ್ಯ, ಏನಾದರೂ ಸರಿ.

ಅವರಲ್ಲಿ ಮೊಳಕಾಲ್ಮೂರಿನವನೊಬ್ಬನಿದ್ದ. ರೇಷ್ಮೆ ಸೀರೆ ನೇಯುವವನು, ನನಗಿಂತ ಹತ್ತು ವರ್ಷ ಚಿಕ್ಕವನು. ನಾನು ಏನು ಕಳಿಸಿದರೂ ಮರುದಿನವೇ ಬರೆಯುತ್ತಿದ್ದ, ಅದೂ ಚೆನ್ನಾಗಿ. ಮೂರು ವರ್ಷದಲ್ಲಿ ಎಂಥ ಅಭ್ಯಾಸವಾಯಿತೆಂದರೆ, ಒಳ್ಳೆಯ ಹಾಡು ಕಿವಿಗೆ ಬಿದ್ದ ಕೂಡಲೇ ಇದಕ್ಕೆ ಅವನು ಏನನ್ನುತ್ತಾನೋ ಅಂತ ಯೋಚನೆ ಬರುತ್ತಿತ್ತು.

ಹೋದ ಬೇಸಿಗೆಯಲ್ಲಿ ಅಟ್ಟದ ಮೇಲೆ ಒಂದು ಕ್ಯಾಸೆಟ್ ಸಿಕ್ಕಿತು. ತಂಗಿಯ ಮದುವೆಯ ಹೊತ್ತಿನಲ್ಲಿ ಅವ್ವ ಹಾಡಿದ ಸೋಬಾನೆ ಪದಗಳು. ಅವ್ವ ತೀರಿಕೊಂಡು ಒಂಬತ್ತು ವರ್ಷ. ಟೇಪಿಗೆ ಬೂಷ್ಟು ಹಿಡಿದಿತ್ತು. ಹತ್ತಿಯಲ್ಲಿ ಒರೆಸಿ ಒರೆಸಿ, ನಾಲ್ಕು ದಿನ ಕೂತು ಎರಡೂ ಬದಿಯನ್ನು ಫೋನಿಗೆ ಇಳಿಸಿದೆ. ಗುಂಪಿಗೆ ಹಾಕಲು ಮನಸ್ಸು ಬರಲಿಲ್ಲ. ಅವನೊಬ್ಬನಿಗೆ ಕಳಿಸಿದೆ.

ಬೆಳಿಗ್ಗೆ ಉತ್ತರ ಬಂತು. "ಅಣ್ಣಾ, ಮಗ್ಗ ನಿಲ್ಸಿ ಕೇಳ್ದೆ. ಅವ್ವಾರ ದನಿ ಎಂಗೈತೆ ಅಂದ್ರೆ, ಕಣ್ಣಾಗೆ ನೀರು ಬಂತು. ಅದ್ರಾಗೂ ಮೂರನೇ ಪದ. ನಾಕು ಸಲ ಹಾಕ್ಕೊಂಡೆ." ಅದನ್ನು ಹೆಂಡತಿಗೆ ಓದಿ ಹೇಳಿದೆ.

ವಾರದ ಮೇಲೆ, ಊರಿಗೆ ಬರಲಿದ್ದ ತಂಗಿಗೂ ಕಳಿಸೋಣವೆಂದು ಅವನಿಗೆ ಕಳಿಸಿದ್ದ ಫೈಲನ್ನೇ ತೆರೆದೆ. ಬರೀ ಸೊಂಯ್ ಸದ್ದು. ಏನೂ ರೆಕಾರ್ಡ್ ಮಾಡಿರದ ಎರಡನೇ ಬದಿಯನ್ನು ನಾನು ತಪ್ಪಿ ಕಳಿಸಿದ್ದೆ. ತಕ್ಷಣ ನಂಬಲಿಲ್ಲ. ಎಲ್ಲಾದರೂ ಅವ್ವನ ದನಿ ಇದ್ದೀತು, ಅವನ ಮಾತು ನಿಜವಾದೀತು ಅಂತ ಅಂಗಡಿಯ ಬಾಗಿಲು ಮುಂದೆಳೆದು ಅರ್ಧ ಗಂಟೆ ಪೂರ್ತಿ ಕೇಳಿದೆ. ಎಲ್ಲೂ ಇರಲಿಲ್ಲ.

ಮರುದಿನ ಮೊಳಕಾಲ್ಮೂರಿನ ಬಸ್ ಹತ್ತಿದೆ. ನನ್ನನ್ನು ಕಂಡು ಅವನು ಮಗ್ಗದಿಂದ ಎದ್ದೇ ಬಂದ. "ಅನ್ನ ವಚ್ಚಿನಾಡು, ಟೀ ಪೆಟ್ಟು" ಅಂತ ತೆಲುಗಿನಲ್ಲಿ ಹೆಂಡತಿಗೆ ಕೂಗಿ, ಅಣ್ಣ ಬಂದನೆಂದು ಟೀ ಇಡಲು ಹೇಳಿ, ಚಾಪೆ ಹಾಸಿದ.

"ಅವ್ವನ ಯಾವ ಪದ ಹಿಡಿಸ್ತು ಅಂದೆ?"

"ಮೂರನೇದು ಅಣ್ಣಾ. ಆಗ್ಲೇ ಬರ್ದಿದ್ನಲ್ಲ."

ಫೋನನ್ನು ಚಾಪೆಯ ಮೇಲಿಟ್ಟು ಫೈಲು ಹಾಕಿದೆ. ಅವನು ತಲೆ ಬಗ್ಗಿಸಿ ಕಾದ. ಸ್ವಲ್ಪ ಹೊತ್ತಾದ ಮೇಲೆ, "ಇದು ಖಾಲಿ ಐತಲ್ಲಣ್ಣಾ" ಅಂದ.

"ನಿನಗೆ ಕಳ್ಸಿದ್ದು ಇದೇ ಕಣಪ್ಪ."

ಅವನ ಮುಖ ಕೆಂಪಾಯಿತು. ಟೀ ಬಂತು. ಹೆಂಡತಿ ಒಳಗೆ ಹೋದ ಮೇಲೆ ಅವನೇ ಶುರು ಮಾಡಿದ.

"ನೀವು ಬೇಜಾರು ಮಾಡ್ಕೋಬಾರ್ದು ಅಂತ ಬರ್ದೆ ಅಣ್ಣಾ. ಎಲ್ರೂ ಕಳ್ಸಿದ್ದು ಕೇಳ್ತಾ ಕೂತ್ರೆ ಸೀರೆ ಮುಗೀತಾವಾ? ಗ್ರೂಪ್ನಾಗೆ ಯಾರು ಕೇಳ್ತಾರೆ ಹೇಳ್ರಿ."

"ನಾನು ಕೇಳ್ತಿದ್ದೆ."

ಅವನು ಹೇಳಿದ್ದನ್ನೆಲ್ಲ ಹುಡುಕಿ ಹುಡುಕಿ ಕೇಳಿದ್ದೆ. ಅವನ ಮಾತಿನ ಮೇಲೆ ಒಂದು ಗಜಲ್ ಆಲ್ಬಮ್ಮನ್ನು ಇಡೀ ಮಳೆಗಾಲ ಕೇಳಿದ್ದೆ. ಅದನ್ನಾದರೂ ಅವನು ಕೇಳಿದ್ದನೋ ಇಲ್ಲವೋ.

"ಸರಿಯಾದ್ದು ಐತಾ ಅಣ್ಣಾ? ಹಾಕ್ರಿ, ಈಗ್ಲೇ ಕೇಳ್ತೀನಿ. ಆಣೆಗೂ ಕೇಳ್ತೀನಿ."

ಅದು ಫೋನಿನಲ್ಲೇ ಇತ್ತು. "ಇಲ್ಲ, ತಂದಿಲ್ಲ" ಅಂದೆ. ಟೀ ಕುಡಿದು ಎದ್ದೆ. ಬಸ್ ನಿಲ್ದಾಣದವರೆಗೆ ಜೊತೆಗೆ ಬಂದ, ಸೀಟು ಹಿಡಿದುಕೊಟ್ಟ. ಕೆಟ್ಟವನೇನಲ್ಲ. ಅದೇ ನನ್ನನ್ನು ಹೆಚ್ಚು ನೋಯಿಸಿತು.

ಗುಂಪಿನಲ್ಲಿ ಈಗಲೂ ಇದ್ದೇನೆ. ಭಾನುವಾರ ಎಲ್ಲರೂ ಬರೆಯುತ್ತಾರೆ, ಅವನೂ ಬರೆಯುತ್ತಾನೆ. ಓದುತ್ತೇನೆ, ನಂಬಿಕೆ ಹುಟ್ಟುವುದಿಲ್ಲ. ನಾನು ಬರೆಯುವುದನ್ನು ಬಿಟ್ಟಿದ್ದೇನೆ. ಯಾಕೆಂದು ಅವನೊಬ್ಬನೇ ಎರಡು ಸಲ ಕೇಳಿದ.

ತಂಗಿ ಬಂದಾಗ ಅಂಗಡಿಯಲ್ಲೇ ಕೂರಿಸಿ ಅವ್ವನ ಪದ ಹಾಕಿದೆ. ಸೆರಗು ಬಾಯಿಗಿಟ್ಟುಕೊಂಡು ಕೊನೆಯವರೆಗೂ ಕೇಳಿದಳು.

"ಇನ್ಯಾರಿಗೆ ಕಳ್ಸಿದೀಯ ಇದನ್ನ?" ಅಂದಳು.

"ಯಾರಿಗೂ ಇಲ್ಲವ್ವ" ಅಂದೆ.