ಗಂಡನ ವೇಷದ ಸೊಣ್ಣಮ್ಮ

ಬೆಳಕು ಹರಿಯುವ ಮುಂಚೆ ಪುಟ್ಟೇನಹಳ್ಳಿಯ ಸೊಣ್ಣಮ್ಮ ಬೀದಿ ನಲ್ಲಿಯಿಂದ ಹದಿನಾಲ್ಕು ಬಿಂದಿಗೆ ನೀರು ಹೊತ್ತು, ಹಾಲು ಕರೆದು, ಮುದ್ದೆ ತೊಳಸಿ, ಗೂಟದಲ್ಲೇ ನೇತಾಡುವ ಬನಿಯನ್ನನ್ನು ಗಂಡ ರಾಮಯ್ಯನಿಗೆ ಹುಡುಕಿಕೊಟ್ಟಿರುತ್ತಾಳೆ. ಆಮೇಲೆ ಜೆ.ಪಿ. ನಗರದ ಆಚೆ ಎಂಬತ್ತೆರಡನೇ ಇಸವಿಯಲ್ಲಿ ತೆರೆದ ಅಮ್ಯೂಸ್‌ಮೆಂಟ್ ಪಾರ್ಕಿಗೆ ಜನರನ್ನು ನಗಿಸಲು ಹೊರಡುತ್ತಾಳೆ. ಜಯಂಟ್ ವೀಲ್ ಪಕ್ಕದ ಸ್ಟೇಜಿನಲ್ಲಿ ಮೂರು ವರ್ಷದಿಂದ ಅವಳದು ಒಂದೇ ಪಾತ್ರ, ಗಂಡ. ಮೀಸೆ ಅಂಟಿಸಿಕೊಂಡು ಕುರ್ಚಿಯಲ್ಲಿ ಕೂತ ಅವಳ ಕಾಲನ್ನು ಹೆಂಡತಿ ಪಾತ್ರದ ಯಲ್ಲಮ್ಮ ಎತ್ತಿ ಪಕ್ಕಕ್ಕಿಟ್ಟು ನೆಲ ಒರೆಸಿದರೆ, "ಲೇ, ಮನೇಲಿ ಸುಮ್ನೆ ಕೂತು ಬೇಜಾರಾಗಲ್ವೇನೇ?" ಎಂದು ಆಕಳಿಸುತ್ತಾಳೆ. ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಾರೆ. ಗಂಡಸರು ಪಕ್ಕದ ಮನೆಯವನ ಕತೆಯೆಂದುಕೊಂಡು ಇನ್ನೂ ಜೋರಾಗಿ ನಗುತ್ತಾರೆ. ಮುಂದಿನ ಸಾಲಿನಲ್ಲಿ ಕೂತು ನೋಡುವ ರಾಮಯ್ಯನಂತೂ ಆಟ ಮುಗಿದ ಮೇಲೆ, "ಯಾವನೇ ಆ ಬೆಪ್ಪ? ಸಖತ್ತಾಗಿ ಹಿಡ್ದಿದೀಯ!" ಎನ್ನುತ್ತಾನೆ. "ನಿಮಗೆ ಗೊತ್ತಿರೋನೇ ಬಿಡಿ" ಎನ್ನುತ್ತಾಳೆ ಸೊಣ್ಣಮ್ಮ. ಅವಳು ಯಾವಾಗಲೂ ಬಲಗಿವಿಯನ್ನು ಜನರ ಕಡೆ ಮಾಡಿ ಕೂರುವುದು ಸ್ಟೈಲಿಗಲ್ಲ. ಮದುವೆಯಾದ ವರ್ಷ ರಾಮಯ್ಯ ಕೊಟ್ಟ ಏಟಿನಿಂದ ಎಡಗಿವಿಗೆ ಏನೂ ಕೇಳಿಸುವುದಿಲ್ಲ, ನಗು ಕೂಡ. ಮೊನ್ನೆ ಮ್ಯಾನೇಜರು, "ಅಕ್ಕ, ಈ ಕಾಮಿಡಿ ಹಳೇದಾಯ್ತು. ಕೊನೇಲಿ ಹೆಂಡ್ತಿಗೆ ಎರಡು ಬಾರ್ಸಿ, ಜನ ಬಿದ್ದು ಬಿದ್ದು ನಗ್ತಾರೆ. ಆಗಲ್ಲಾಂದ್ರೆ ನಾಳೆಯಿಂದ ಮ್ಯಾಜಿಕ್‌ನೋನ್ನ ಕರೆಸ್ತೀನಿ" ಎಂದರು. ಅಂದಿನ ಆಟದ ಕೊನೆಯಲ್ಲಿ ಸೊಣ್ಣಮ್ಮ ಕೈ ಎತ್ತಿದಳು. ಜನ ನಗಲು ಬಾಯಿ ತೆರೆದು ಕಾದರು. ಪರದೆಯ ಮರೆಯಿಂದ ಮ್ಯಾನೇಜರು "ಹೂಂ" ಎಂದು ಸನ್ನೆ ಮಾಡಿದರು. ಅವಳು ತನ್ನ ಕೈಯನ್ನೇ ಬೆಪ್ಪಾಗಿ ನೋಡುತ್ತಾ, "ಲೇ, ಇದನ್ನ ಯಾಕೆ ಎತ್ತಿದೆ ಅಂತಾನೇ ಮರ್ತೋಯ್ತಲ್ಲೇ!" ಎಂದು, ಪರದೆಯ ಕಡೆ ತಿರುಗದೆ ಕೈ ಇಳಿಸಿದಳು.