ಜಮಾದಾರನಿಗೆ ಮಂದಿ ರೂಢಿ

ಗುರುಗುಂಟಾದಲ್ಲಿ ಕರೆಮ್ಮನ ಬಾಯಿಗೆ ಹೆದರದ ಜೀವ ಎರಡೇ ಇದ್ದವು. ಒಂದು ಅವಳ ಗಂಡ, ಅವನು ತೀರಿಕೊಂಡು ಬಹಳ ವರ್ಷವಾಗಿತ್ತು. ಇನ್ನೊಂದು ಹುಲಿಗ್ಯಾ ಎಂಬ ಅವಳ ನಾಯಿ, ಅದನ್ನು ಹೋದ ವರ್ಷ ತುರ್ವಿಹಾಳದಲ್ಲಿ ಯಾರೋ ವಿಷ ಹಾಕಿ ಕೊಂದರು. ಉಳಿದ ಊರೆಲ್ಲ ಅವಳು ಎದುರಿಗೆ ಬಂದರೆ ಮಗ್ಗುಲ ಓಣಿ ಹಿಡಿಯುತ್ತಿತ್ತು. ಮಗ ಸಿದ್ದರಾಮೇಶನಿಗೂ ಅದೇ ಓಣಿ ಬೇಕಾಗಿತ್ತು. ಆದರೆ ಒಂದೇ ಮನೆಯಲ್ಲಿ ಉಣ್ಣುವವನು ಎಷ್ಟು ಅಂತ ತಪ್ಪಿಸಿಕೊಂಡಾನು?

ಕರೆಮ್ಮನ ಸಿಟ್ಟು ಸುಮ್ಮನೆ ಬಂದದ್ದಲ್ಲ. ಗಂಡ ಸತ್ತ ಮೇಲೆ ಮೈದುನ ಬಾಲಪ್ಪ ಹಿಂಡು ಪಾಲು ಮಾಡಿದ. ಮಾಡುವಾಗ ಹಲ್ಲು ಉದುರಿದ ಮುದಿ ಕುರಿಗಳನ್ನೇ ಆರಿಸಿ ಆರಿಸಿ ಅತ್ತಿಗೆಯ ಕಡೆ ಅಟ್ಟಿದ. ಅಂದು ಅವಳು ಬಾಯಿ ತೆಗೆದವಳು ಇಂದಿಗೂ ಮುಚ್ಚಿಲ್ಲ. ಬೈದು ಬೈದೇ ಅವಳು ಬೇರೆಯವರ ಹೊಲದ ಬದುವಿನಲ್ಲಿ ಕುರಿ ಮೇಯಿಸಿದಳು, ಬೈದು ಬೈದೇ ಕಟುಕರಿಂದ ಸರಿಯಾದ ಬೆಲೆ ಪಡೆದಳು, ಆ ಮುದಿ ಕುರಿಗಳಿಂದಲೇ ಮತ್ತೊಂದು ಹಿಂಡು ಎಬ್ಬಿಸಿದಳು. ಮೆತ್ತಗೆ ಮಾತಾಡಿದ್ದರೆ ಇಷ್ಟೊತ್ತಿಗೆ ಮಗನ ಕೈ ಹಿಡಿದುಕೊಂಡು ಕೂಲಿಗೆ ಹೋಗಬೇಕಾಗಿತ್ತು ಎಂಬುದರಲ್ಲಿ ಅವಳಿಗೆ ಸಂಶಯವೇ ಇರಲಿಲ್ಲ.

ಬೇಸಿಗೆ ಹತ್ತಿರ ಬಂತೆಂದರೆ ಗುರುಗುಂಟಾದ ಒಣ ನೆಲದಲ್ಲಿ ಕುರಿಗೆ ಕಚ್ಚಲು ಒಂದು ಕಡ್ಡಿ ಸಿಗುವುದಿಲ್ಲ. ಆಗ ಹಿಂಡು ಹೊಡೆದುಕೊಂಡು ಮಸ್ಕಿ ದಾಟಿ ಕಾಲುವೆ ಸೀಮೆಗೆ ಇಳಿಯಬೇಕು. ಅಲ್ಲಿ ಭತ್ತ ಕೊಯ್ದ ಗದ್ದೆಯಲ್ಲಿ ಹಗಲು ಕುರಿ ಕೂಳೆ ಮೇಯುತ್ತವೆ, ರಾತ್ರಿ ಅಲ್ಲೇ ಮಲಗಿ ಗೊಬ್ಬರ ಹಾಕುತ್ತವೆ. ಗಂಡ ಇದ್ದ ಕಾಲದಿಂದಲೂ ಅವರ ಹಿಂಡು ನಿಲ್ಲುತ್ತಿದ್ದದ್ದು ತುರ್ವಿಹಾಳದ ಅಮರಗುಂಡಪ್ಪ ಸಾವ್ಕಾರನ ಗದ್ದೆಯಲ್ಲಿ. ಹೋದ ವರ್ಷ ಅಲ್ಲೇ ಹುಲಿಗ್ಯಾ ಸಾವ್ಕಾರನ ಟ್ರ್ಯಾಕ್ಟರ್ ಡ್ರೈವರನ ಮೀನಖಂಡ ಹಿಡಿಯಿತು. ವಾರ ಕಳೆಯುವುದರೊಳಗೆ ನಾಯಿ ಬದುವಿನ ಮೇಲೆ ನೊರೆ ಕಾರಿ ಸತ್ತು ಬಿದ್ದಿತ್ತು. ಯಾರು ಹಾಕಿದರು ಎಂದು ಯಾರೂ ಬಾಯಿ ಬಿಡಲಿಲ್ಲ. ಕರೆಮ್ಮ ಕಾಲುವೆ ಏರಿಯ ಮೇಲೆ ನಿಂತು ಇಡೀ ತುರ್ವಿಹಾಳಕ್ಕೆ ಹಿಡಿ ಮಣ್ಣು ತೂರಿ ಶಾಪ ಹಾಕಿ ಬಂದಿದ್ದಳು.

ಈ ವರ್ಷ ತಿಂಗಳುಗಟ್ಟಲೆ ಮೊದಲೇ ಸಿದ್ದರಾಮೇಶ ಫೋನ್ ಮಾಡಿದಾಗ ಸಾವ್ಕಾರ ಒಂದೇ ಮಾತು ಹೇಳಿದ.

"ನಮ್ಮ ಡ್ರೈವರ್ ಸೂಜಿ ಚುಚ್ಚಿಸ್ಕೊಳ್ಳಾಕ ಸಿಂಧನೂರಿಗೆ ಅಡ್ಡಾಡಿ ಅಡ್ಡಾಡಿ ಸುಸ್ತಾದ. ಹಗಲು ಮಂದಿ ಬಂದ್ರ ಸುಮ್ನಿರೋ ನಾಯಿ ಇದ್ರ ಬರ್ರಿ. ಇಲ್ಲಾಂದ್ರ ನಿಮ್ಮ ದಾರಿ ನೀವು ನೋಡ್ಕೋರಿ."

ಬೇರೆ ದಾರಿ ಇರಲಿಲ್ಲ. ದಢೇಸುಗೂರಿನವರನ್ನು ಕೇಳಿದರೆ ಕರೆಮ್ಮನ ಹೆಸರು ಕೇಳಿದ ಕೂಡಲೇ ಒಲ್ಲೆವು ಎಂದರು. ನಾಯಿಯಿಲ್ಲದೆ ಹೋದರೆ ತೋಳವೋ ಕಳ್ಳರೋ ಮರಿಗಳನ್ನು ಉಳಿಸುವುದಿಲ್ಲ. ಕಚ್ಚುವ ನಾಯಿ ಒಯ್ದರೆ ಸಾವ್ಕಾರ ಗದ್ದೆಗೆ ಕಾಲಿಡಲು ಬಿಡುವುದಿಲ್ಲ. ಗದ್ದೆ ತಪ್ಪಿತೆಂದರೆ ಹಿಂಡು ಬೇಸಿಗೆ ದಾಟುವುದಿಲ್ಲ. ಇಷ್ಟೂ ಭಾರ ಈಗ ಮುಧೋಳದ ಕಡೆಯ ಬೀಗರಿಂದ ತಂದ ಒಂದು ಬೇಟೆ ತಳಿಯ ನಾಯಿಮರಿಯ ಮೇಲೆ ಬಿದ್ದಿತ್ತು.

ಮರಿ ಬಂದ ಸಂಜೆಯೇ ಹಟ್ಟಿಯ ಒಳಗೆ ನುಗ್ಗಿ ಒಂದೊಂದು ಕುರಿಯ ಮೂತಿಯನ್ನೂ ಮೂಸಿ ನೋಡಿತು. "ಜಮಾದಾರ ಬಂದಾನ ನೋಡು, ಹಾಜರಿ ತಗೊಳ್ಳಾಕತ್ತಾನ," ಎಂದಳು ಕರೆಮ್ಮ. ಅದೇ ಹೆಸರು ನಿಂತಿತು. ಕುರಿಗಳ ಜೊತೆ ಜಮಾದಾರ ಬಂಗಾರದಂಥ ಮರಿ. ಹೊರಗಿನ ಮನುಷ್ಯರು ಯಾರೇ ಬರಲಿ, ಹಾಲುಹಲ್ಲು ತೋರಿಸಿ ಗುರ್ ಎನ್ನುತ್ತಿತ್ತು. ಇದೂ ಹುಲಿಗ್ಯಾನ ದಾರಿಯನ್ನೇ ಹಿಡಿಯಿತಲ್ಲ ಎಂದು ಸಿದ್ದರಾಮೇಶ ತಲೆ ಮೇಲೆ ಕೈ ಹೊತ್ತ. ಮೊಬೈಲಿನಲ್ಲಿ ಹುಡುಕಿ ಒಂದು ಸುದ್ದಿ ತಂದ.

"ಯವ್ವಾ, ಲಿಂಗಸುಗೂರಾಗ ನಾಯಿಮರಿ ಕ್ಲಾಸ್ ನಡಸ್ತಾರಂತ. ಮಂದಿ ರೂಢಿ ಮಾಡಸ್ತಾರಂತ. ರವಿವಾರಕ್ಕೊಮ್ಮಿ."

"ನೀ ಸಾಲಿ ಕಲ್ತು ಉದ್ಧಾರ ಆಗಿದ್ದು ಸಾಲದು, ಇನ್ನ ನಾಯಿಗೂ ಸಾಲಿ!" ಎಂದಳು ಕರೆಮ್ಮ. ಆದರೆ ರವಿವಾರ ಮರಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಮೊದಲ ಬಸ್ಸಿಗೆ ತಾನೇ ಹತ್ತಿ ಕೂತಿದ್ದಳು.

ಊರ ಹೊರಗೆ ಇನ್ನೂ ಮನೆ ಏಳದ ಲೇಔಟಿನಲ್ಲಿ ಕ್ಲಾಸು. ನಡೆಸುವವನು ವೀರೇಂದ್ರ ಎಂಬ ಹುಡುಗ, ಕೊರಳಲ್ಲಿ ಸೀಟಿ, ಸೊಂಟದ ಚೀಲದಲ್ಲಿ ಬಿಸ್ಕೀಟು. ಕಾರಿನಲ್ಲಿ ಬಂದ ಮರಿಗಳೆಲ್ಲ ಹತ್ತಿ ಉಂಡೆಯ ಹಾಗಿದ್ದವು. ಒಂದಕ್ಕಂತೂ ಸ್ವೆಟರ್ ಹಾಕಿದ್ದರು. ಆ ಬಿಸಿಲಿಗೆ ಸ್ವೆಟರ್! ಅದರ ಒಡತಿ ಕರೆಮ್ಮನ ಸೀರೆಯ ಕುರಿವಾಸನೆಗೆ ಮೂಗು ಮುಚ್ಚಿಕೊಂಡು ಆಚೆ ಸರಿದಳು. ಕರೆಮ್ಮ ಬೇಕೆಂದೇ ಅವಳ ಪಕ್ಕಕ್ಕೆ ಹೋಗಿ ನಿಂತಳು.

ವೀರೇಂದ್ರ ಎಲ್ಲರನ್ನೂ ದುಂಡಗೆ ನಿಲ್ಲಿಸಿ, ಮರಿಗಳನ್ನು ಒಬ್ಬರಿಂದ ಒಬ್ಬರ ಕೈಗೆ ಕೊಡಿಸಲು ಶುರುಮಾಡಿದ. ಮರಿ ಕೈಗೆ ಬಂದವರು ಒಂದು ಬಿಸ್ಕೀಟು ತಿನ್ನಿಸಬೇಕು, ಮೈ ಸವರಬೇಕು, ಮುಂದಿನವರಿಗೆ ಕೊಡಬೇಕು. ಸ್ವೆಟರಿನ ಒಡತಿ ಜಮಾದಾರನ ಬಾಯಿಗೆ ಬಿಸ್ಕೀಟು ಹಿಡಿದಳೋ ಇಲ್ಲವೋ, ಕರೆಮ್ಮನ ಮೈಯೆಲ್ಲ ಉರಿದು ಹೋಯಿತು.

"ಕೈ ತೆಗಿ! ಏನಲೇ ತಮ್ಮಾ, ಕಂಡಕಂಡವರ ಕೈಯಾಗಿಂದು ತಿನ್ನಾಕ ಕಲಸ್ತೀಯೇನು? ನನ್ನ ಹುಲಿಗ್ಯಾ ಸತ್ತಿದ್ದು ಹಿಂಗ! ಯಾವನೋ ಕೊಟ್ಟ, ತಿಂದು ಸತ್ತ!"

ಜಮಾದಾರ ಆ ಕ್ಷಣವೇ ಹಲ್ಲು ಕಿಸಿದು ಸ್ವೆಟರಿನವಳ ಬಳೆಗೆ ಬಾಯಿ ಹಾಕಿತು. ಅವಳು ಕಿರುಚಿದಳು. ಹತ್ತಿ ಉಂಡೆಗಳೆಲ್ಲ ಒಟ್ಟಿಗೆ ಬಾಯಿ ಮಾಡಿದವು. ವೀರೇಂದ್ರ ಸೀಟಿ ಊದಿ ಊದಿ ಸೋತ.

"ಅವ್ವಾರ, ಯಾರು ಕೊಟ್ರೂ ತಿನ್ನಬಾರದಂತ ಕಲಸೋದು ಮುಂದಿನ ಪಾಠ ಐತ್ರೀ," ಎಂದ. ಆಮೇಲೆ ಅವನಿಗೂ ರೇಗಿತು. "ಒಂದು ಮಾತು ಹೇಳ್ಲೇನ್ರೀ? ಮರಿಗೆ ಏನೂ ಆಗಿಲ್ಲ. ನೀವು ಬಾಯಿ ತೆಗದಾಗಷ್ಟ ಅದು ಹಲ್ಲು ತೆಗಿತೈತಿ. ನಿಮ್ಮ ದನಿ ಕೇಳಿ ಅದಕ್ಕ ಎದುರಿಗಿದ್ದೋರು ವೈರಿಗಳು ಅನಸ್ತೈತಿ. ಮುಂದಿನ ಸಲ ಮರಿ ಕಳಸ್ರಿ, ನೀವು ಬರಬ್ಯಾಡ್ರಿ."

ಕರೆಮ್ಮ ಬಸ್ ಸ್ಟ್ಯಾಂಡಿನವರೆಗೂ ಅವನ ಮೂರು ತಲೆಮಾರನ್ನು ತೊಳೆಯುತ್ತಾ ಬಂದಳು. ಕಂಕುಳಲ್ಲಿದ್ದ ಮರಿ ದಾರಿಯುದ್ದಕ್ಕೂ ಸೈಕಲ್ಲಿಗೆ, ದನಕ್ಕೆ, ಹಣ್ಣಿನ ಗಾಡಿಗೆ ಗುರ್ ಗುರ್ ಎಂದಿತು.

ಕ್ಲಾಸು ಮುಗಿದ ಕತೆ. ಇನ್ನು ಉಳಿದದ್ದು ಮಸ್ಕಿ. ಸಂತೆಯಲ್ಲಿ ಮರಿಯನ್ನು ಕಟ್ಟಿಕೊಂಡು ಕೂತರೆ ಜನ ತಾವಾಗಿಯೇ ರೂಢಿಯಾಗುತ್ತಾರೆ ಎಂದು ಸಿದ್ದರಾಮೇಶನ ಲೆಕ್ಕ. ಬಸ್ ಸ್ಟ್ಯಾಂಡಿನ ಪಕ್ಕ ಚಹಾ ಮಾರುವ ಶಾಕೀರಾಳ ಕೈಕಾಲು ಹಿಡಿದು ಅಂಗಡಿಯ ಮಗ್ಗುಲಿಗೆ ತಾಯಿಗೊಂದು ಜಾಗ ಕೇಳಿದ. ಹಿಂದೊಮ್ಮೆ ಹುಲಿಗ್ಯಾ ಅವಳ ಹಾಲಿನ ಪಾತ್ರೆ ಕೆಡವಿತ್ತು. ಅವಳೂ ಮರೆತಿರಲಿಲ್ಲ, ಕರೆಮ್ಮನೂ ಮರೆತಿರಲಿಲ್ಲ.

ಕರೆಮ್ಮ ಕಲ್ಲಿನ ಮೇಲೆ ಕೂತು ಬಂದವರನ್ನೆಲ್ಲ ಕೆಕ್ಕರಿಸಿ ನೋಡಿದಳು. ಮರಿಯೂ ನೋಡಿತು. ಸ್ವಲ್ಪ ಹೊತ್ತಿಗೆ ಶಾಕೀರಾ ಸೌಟು ಹಿಡಿದುಕೊಂಡೇ ಹೊರಗೆ ಬಂದಳು.

"ಏ ಕರೆವ್ವಾ, ನಿನ್ನ ಮಾರಿ ನೋಡಿ ಗಿರಾಕಿ ಹೊಳ್ಳಿ ಹೋಗಾಕತ್ತಾರ. ಆ ನಾಯಿ ಬಾಯಿ ಕಟ್ಟೋಕಿಂತ ಮೊದಲ ನಿನ್ನ ಬಾಯಿ ಕಟ್ಟಬೇಕ ನೋಡು."

ಕರೆಮ್ಮ ಎದ್ದು ಸೊಂಟಕ್ಕೆ ಸೆರಗು ಸಿಕ್ಕಿಸಿದಳು. "ನಿನ್ನ ಒಲಿ ಆರ್ಲಿ! ನಿನ್ನ ಹಾಲು ಒಡೀಲಿ!" ಎಂದದ್ದೇ ತಡ, ಜಮಾದಾರ ಹಗ್ಗ ಹರಿಯುವ ಹಾಗೆ ಶಾಕೀರಾಳ ಮೇಲೆ ಜಿಗಿಯಿತು. ಕರೆಮ್ಮನಿಗೆ ಥಟ್ಟನೆ ಆ ಸೀಟಿ ಹುಡುಗ ನೆನಪಾದ. ನನ್ನ ದನಿಯಂತೆ, ನನ್ನ ದನಿ! ಅವನ ಮಾತು ಸುಳ್ಳೆಂದು ಅಲ್ಲೇ ತೋರಿಸಿಬಿಡಬೇಕು ಎಂಬ ಹಟ ಹುಟ್ಟಿತು. ಆಗತಾನೆ ಹುಟ್ಟಿದ ಕುರಿಮರಿಯನ್ನು ಮಡಿಲಿಗೆ ಕರೆಯುವ ದನಿ ಒಂದಿತ್ತು ಅವಳಲ್ಲಿ, ಮನುಷ್ಯರು ಯಾರೂ ಅದನ್ನು ಕೇಳಿದವರಲ್ಲ. ಆ ದನಿಯಲ್ಲಿ ಅದೇ ಬೈಗುಳ ಹೇಳಿದಳು.

"ನಿನ್ನ ಒಲಿ ಆರ್ಲಿ ನನ್ನವ್ವಾ... ನಿನ್ನ ಹಾಲು ಒಡೀಲಿ ನನ್ನ ಬಂಗಾರಾ... ನಿನ್ನ ಅಂಗಡಿ ಹಾಳಾಗಿ ಹೋಗ್ಲಿ ನನ್ನ ಚಿನ್ನಾ..."

ಜಮಾದಾರ ಬೊಗಳುವುದನ್ನು ನಿಲ್ಲಿಸಿತು. ಒಮ್ಮೆ ಇವಳ ಕಡೆ, ಒಮ್ಮೆ ಅವಳ ಕಡೆ ನೋಡಿತು. ಬಾಲ ಅಲ್ಲಾಡಿತು. ಮೆಲ್ಲಗೆ ಹೋಗಿ ಶಾಕೀರಾಳ ಪಾದ ಮೂಸಿ ಅಲ್ಲೇ ಕೂತಿತು. ಶಾಕೀರಾ ಬಾಯಿ ತೆರೆದು ನಿಂತವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಕರೆಮ್ಮ ನಗಲಿಲ್ಲ. ಆ ಹುಡುಗ ಹೇಳಿದ್ದು ಖರೆ ಆಯಿತಲ್ಲ ಎಂದು ಅವಳ ಹೊಟ್ಟೆಗೆ ಬೆಂಕಿ ಬಿದ್ದಿತ್ತು.

ಅಂದಿನಿಂದ ಮಸ್ಕಿಯ ಆ ಕಲ್ಲೇ ಜಮಾದಾರನ ಶಾಲೆ. ಸಂತೆಗೊಮ್ಮೆ ಕರೆಮ್ಮ ಬಂದು ಕೂರುವಳು. ಎದುರಿಗೆ ಹಾದು ಹೋದವರಿಗೆಲ್ಲ ಜೋಗುಳದ ರಾಗದಲ್ಲಿ ಶಾಪ ಹಾಕುವಳು. ಕಂಡಕ್ಟರನ ಬಸ್ಸು ಕೆಡಲಿ ರಾಜಾ, ಪೊಲೀಸನ ಲಾಠಿ ಮುರಿಯಲಿ ಕಂದಾ. ಮಾತಿಗಿಂತ ಆ ರಾಗಕ್ಕೇ ಜನ ಹೆಚ್ಚು ಹೆದರಿದರು. ಬಿರುಸಾಗಿ ಬೈಯುವ ಕರೆಮ್ಮನನ್ನು ಅವರು ಬಲ್ಲರು, ಮುದ್ದು ಮಾಡುತ್ತಾ ಬೈಯುವವಳನ್ನು ಎಲ್ಲಿ ಕಂಡಿದ್ದರು? ಒಂದು ಸಲ ಕುರಿ ಮಾರಲು ಬಂದ ಮೈದುನ ಬಾಲಪ್ಪನೇ ಎದುರಿಗೆ ಸಿಕ್ಕ. ಅದು ಎಲ್ಲಕ್ಕಿಂತ ಕಠಿಣ ಪರೀಕ್ಷೆ. ಕರೆಮ್ಮ ಉಸಿರು ಹಿಡಿದು, "ಬಾರಪ್ಪಾ ನನ್ನ ರಾಜಾ, ನಿನ್ನ ಹಿಂಡಿಗೆ ಬ್ಯಾನಿ ಬಡೀಲಿ, ನಿನ್ನ ಹಟ್ಟಿ ಬಯಲಾಗ್ಲಿ," ಎಂದು ರಾಗ ಎಳೆದಳು. ಜಮಾದಾರ ಬಾಲ ಆಡಿಸುತ್ತಾ ಅವನ ಧೋತರದ ಅಂಚು ನೆಕ್ಕಿತು. ಅತ್ತಿಗೆಗೆ ತಲೆ ಕೆಟ್ಟಿದೆ ಎಂದು ಬಾಲಪ್ಪ ಊರ ತುಂಬ ಹೇಳಿಕೊಂಡು ತಿರುಗಿದ.

ಮರಿ ಉದ್ದ ಕಾಲಿನ ನಾಯಿಯಾಯಿತು. ಕಂಡಕಂಡವರ ಕೈಯಿಂದ ತಿನ್ನದಂತೆಯೂ ಕರೆಮ್ಮ ಕಲಿಸಿದಳು, ಅದನ್ನು ಯಾರಿಗೂ ವಹಿಸಲಿಲ್ಲ. ಹಟ್ಟಿಯ ಸುತ್ತ ತೋಳದ ವಾಸನೆ ಹತ್ತಿದರೆ ಜಮಾದಾರ ತಾನಾಗಿಯೇ ಎದ್ದು ಮೈಲಿ ದೂರಕ್ಕೆ ಕೇಳುವ ಹಾಗೆ ಬೊಗಳುತ್ತಿತ್ತು, ಅದಕ್ಕೆ ಯಾರ ದನಿಯೂ ಬೇಕಿರಲಿಲ್ಲ. ಮನುಷ್ಯರ ವಿಷಯದಲ್ಲಿ ಮಾತ್ರ ಕರೆಮ್ಮನ ಗಂಟಲು ಹೇಳಿದ್ದೇ ಅದಕ್ಕೆ ಕೊನೆಯ ಮಾತು.

ಕೊಯ್ಲು ಮುಗಿಯಿತು. ಹಿಂಡು ಮಸ್ಕಿ ದಾಟಿ ತುರ್ವಿಹಾಳ ಮುಟ್ಟಿತು. ಅಮರಗುಂಡಪ್ಪ ಬೆಳಿಗ್ಗೆಯೇ ಬದುವಿನ ಮೇಲೆ ಬಂದು ನಿಂತಿದ್ದ, ಹಣೆಯಲ್ಲಿ ವಿಭೂತಿ, ಕೈಯಲ್ಲಿ ಕಾರಿನ ಕೀಲಿ. ಹಸಿದ ಕುರಿಗಳು ಅವನ ಅಪ್ಪಣೆಗೆ ಕಾಯದೆ ಕೂಳೆಗೆ ಬಾಯಿ ಹಾಕಿದ್ದವು.

"ಮೊದಲ ನಾಯಿ ತೋರಿಸ್ರಿ, ಆಮ್ಯಾಲ ಮಾತು," ಎಂದ.

ಕರೆಮ್ಮ ಹಗ್ಗ ಬಿಚ್ಚಿದಳು. "ಹೋಗಪ್ಪಾ, ಸಾವ್ಕಾರ್ರನ ಮಾತಾಡ್ಸು," ಎಂದಳು, ಕುರಿಮರಿ ಕರೆಯುವ ದನಿಯಲ್ಲೇ. ಜಮಾದಾರ ನಡೆದು ಹೋಗಿ ಇಬ್ಬರ ನಡುವೆ ಕೂತಿತು. ಅಮರಗುಂಡಪ್ಪ ಮೂತಿಯ ಮುಂದೆ ಕೈ ಆಡಿಸಿದ, ಕಾಲು ನೆಲಕ್ಕೆ ಅಪ್ಪಳಿಸಿದ. ನಾಯಿ ಮಿಸುಕಲಿಲ್ಲ. ಅವನಿಗೆ ಖುಷಿಯಾಯಿತು.

"ಭೇಷ್! ನಾಯಿ ಅಂದ್ರ ಹಿಂಗಿರಬೇಕು. ಹೋದ ವರ್ಷದ್ದು ಹುಚ್ಚು ಹಿಡಿದದ್ದು ಇತ್ತು ಬಿಡು ಕರೆಮ್ಮಾ. ರೊಟ್ಟ್ಯಾಗ ಇಟ್ಟು ನಾನ ಹಾಕಸಿದ್ದೆ. ಗಬಗಬ ತಿಂತು ನೋಡು. ಈಗ ಸಿಟ್ಟಿಗೇಳಬ್ಯಾಡ ಮತ್ತ."

ಸಿದ್ದರಾಮೇಶ ತಾಯಿಯ ಮುಖ ನೋಡಿದ. ಇಷ್ಟು ದಿನ ಯಾರು ಯಾರು ಎಂದು ಅವಳು ಊರಿಗೆ ಊರನ್ನೇ ಶಪಿಸಿದ್ದಳು. ಆ ಹೆಸರು ಈಗ ವಿಭೂತಿ ಹಚ್ಚಿಕೊಂಡು ಎದುರಿಗೆ ನಿಂತು ನಗುತ್ತಿತ್ತು. ಕರೆಮ್ಮನ ಗಂಟಲಿಗೆ ಜೀವಮಾನದ ಬೈಗುಳವೆಲ್ಲ ಒಮ್ಮೆಗೇ ನುಗ್ಗಿ ಬಂತು. ಜಮಾದಾರನ ಎರಡೂ ಕಿವಿ ಅವಳ ಕಡೆ ತಿರುಗಿದವು.

ದನಿ ಏರಿಸಿದರೆ ನಾಯಿ ಅವನ ಮೇಲೆ ಬೀಳುತ್ತದೆ, ಗದ್ದೆ ಹೋಗುತ್ತದೆ, ಜಮಾದಾರನೂ ರೊಟ್ಟಿಗೋ ಬಂದೂಕಿಗೋ ಹೋಗುತ್ತದೆ. ಮಸ್ಕಿಯಲ್ಲಿ ಮಾಡಿದ ಹಾಗೆ ಮುದ್ದು ದನಿಯಲ್ಲಿ ಶಪಿಸೋಣವೆಂದರೆ ನಾಯಿಗೆ ತಿಳಿಯದ ಮಾತು ಸಾವ್ಕಾರನಿಗೆ ತಿಳಿಯುತ್ತದೆ. ಬೈಯಲು ಅವಳಿಗೆ ಒಂದು ದಾರಿಯೂ ಉಳಿದಿರಲಿಲ್ಲ. ಹಿಂಡೆಲ್ಲ ಆಗಲೇ ಕರಕರ ಕೂಳೆ ಹರಿಯುತ್ತಿತ್ತು.

"ಆಗ್ಲಿ ಬಿಡ್ರಿ ಸಾವ್ಕಾರ್ರ," ಎಂದಳು ಕರೆಮ್ಮ, ಸಣ್ಣ ದನಿಯಲ್ಲಿ. "ನಾಯಿ ಅಲ್ಲೇನ್ರೀ. ಹೋತು."

ಜಮಾದಾರ ಎದ್ದು ಬಾಲ ಆಡಿಸುತ್ತಾ ಅಮರಗುಂಡಪ್ಪನ ಕೈ ನೆಕ್ಕಿತು. "ಇರ್ರಿ, ಕೂಳೆ ಮುಗಿಯೋ ತನಕ ಇರ್ರಿ," ಎಂದು ಅವನು ನಕ್ಕ.

ಕರೆಮ್ಮ ಹೊರಳಿ ಹಿಂಡಿನ ನಡುವೆ ಹೋಗಿ ಕುಕ್ಕರುಗಾಲಲ್ಲಿ ಕೂತಳು. ಹುಲಿಗ್ಯಾನಿಗಾಗಿ ಒಮ್ಮೆ ಜೋರಾಗಿ ಅತ್ತುಬಿಡಬೇಕು ಎನ್ನಿಸಿತು. ಆದರೆ ಜಮಾದಾರ ಬೆನ್ನ ಹಿಂದೆಯೇ ಬಂದು ಅವಳ ಬಾಯಿಯನ್ನೇ ನೋಡುತ್ತಾ ಕೂತಿತ್ತು, ಅಮರಗುಂಡಪ್ಪ ಇನ್ನೂ ಬದುವಿನ ಮೇಲೆಯೇ ನಿಂತಿದ್ದ. ಅವಳು ಸೆರಗು ಬಾಯಿಗೆ ತುರುಕಿಕೊಂಡಳು.