ಮನಿ ಪ್ರಾರ್ಥನಿಯೊಳಗ ಪಾಳಿ ಬಿಡಂಗಿಲ್ಲ

ಬಸವಣ್ಣನ ಹೆಸರಿಗೆ ಯಾರಾದರೂ ‘ಆಮೆನ್’ ಅಂದದ್ದನ್ನು ನೀವು ಕೇಳಿದ್ದೀರಾ? ನಾನು ಕೇಳಿದ್ದೇನೆ. ಹೋದ ತಿಂಗಳು ಹಲಬರ್ಗಾದಲ್ಲಿ, ಜಮಖಾನೆ ಮೇಲೆ ಕಾಲು ಮಡಚಿ ಕೂತು, ಖುದ್ದು ಇದೇ ಕಿವಿಯಿಂದ. ಹೆಸರು ಹೇಳಿದವಳೂ ನಾನೇ.

ತಡೀರಿ, ಮೊದಲಿಂದ ಹೇಳುತ್ತೇನೆ.

ಔರಾದಿನಲ್ಲಿರುವ ನನ್ನ ತಮ್ಮನ ಮಗಳು ಅಕ್ಷತಾ ಎಂ.ಎ. ಓದುತ್ತಿದ್ದಾಳೆ. ಸಬ್ಜೆಕ್ಟು ಏನು ಗೊತ್ತೇ? ಧರ್ಮಗಳ ಅಧ್ಯಯನ. ಹೀಗೊಂದು ಸಬ್ಜೆಕ್ಟ್ ಇದೆ ಅಂತಲೇ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಬೀಜ-ಗೊಬ್ಬರದ ಅಂಗಡಿ ಇಟ್ಟಿರುವ ತಮ್ಮನ ತಲೆಗಂತೂ ಇದು ಇವತ್ತಿಗೂ ಹೋಗಿಲ್ಲ. “ಅಕ್ಕಾ, ಧರ್ಮ ಮಾಡೋದು ಕೇಳೀನಿ. ಧರ್ಮ ಓದಿ ಪಾಸ್ ಆಗೋದು ನೀ ಎಲ್ಲಿಯಾರ ಕೇಳೀಯೇನು? ನಾಳಿ ಈಕಿ ಏನಾಗ್ತಾಳ? ಮಠಕ್ಕ ಹೋಗಿ ಕೂಡ್ತಾಳೇನು?” ಅಂತ ಫೋನಿನಲ್ಲಿ ಗೋಳಾಡುತ್ತಾನೆ.

ಅಕ್ಷತಾಳ ಜವಾಬು ಸದಾ ರೆಡಿ. “ಅಪ್ಪಾ, ದನದ ಡಾಕ್ಟರ್‌ಕಿ ಓದಿದವರು ಎಮ್ಮಿ ಆಗ್ತಾರೇನು?”

(ತಮ್ಮ ಗೊಣಗಿಕೊಂಡು ಅಂಗಡಿಗೆ ಹೋದ. ನಾನು ಕೇಳಿ ಸುಮ್ಮನೆ ನಕ್ಕೆ.)

ಅವಳು ಬರೆಯಬೇಕಾದ ಪ್ರಬಂಧ ನಮ್ಮ ಜಿಲ್ಲೆಯ ಮೆಥೋಡಿಸ್ಟ್ ಕುಟುಂಬಗಳ ಪ್ರಾರ್ಥನೆಯ ಬಗ್ಗೆ. ಚರ್ಚಿನದಲ್ಲ, ಮನೆಯೊಳಗಿನದು. ಅವಳ ಗೈಡ್ ಒಂದು ಕಂಡೀಷನ್ ಹಾಕಿದ್ದಾರೆ. ನೋಡಬೇಕು, ಕೇಳಬೇಕು, ಬರೆಯಬೇಕು. ಒಳಗೆ ಸೇರಬಾರದು. “ನಾವು ಸೇರಿದ್ರ ಅದು ಅವರ ಪ್ರಾರ್ಥನಿ ಉಳಿಯಂಗಿಲ್ರಿ ಅತ್ತಿ, ನಮ್ದೂ ಆಗ್ತದ” ಅಂದಳು. “ಆದ್ರ ಆಗ್ಲಿ, ಗಂಟೇನು ಹೋಗ್ತದ?” ಅಂದೆ. “ನಿಮಗ ತಿಳಿಯಂಗಿಲ್ಲ ಬಿಡ್ರಿ” ಅಂತ ಬಾಯಿ ಮುಚ್ಚಿಸಿದಳು.

ಖರೆ ಹೇಳಬೇಕೆಂದರೆ ಕುತೂಹಲ ನನಗೂ ಇತ್ತು. ನಾನು ಬೀದರದಲ್ಲೇ ಹುಟ್ಟಿ ಬೆಳೆದವಳು. ಗುರುದ್ವಾರದ ಕೀರ್ತನೆ, ಅಜಾನ್, ಭಾನುವಾರದ ಚರ್ಚಿನ ಗಂಟೆ, ನಮ್ಮ ಮನೆಯ ಇಷ್ಟಲಿಂಗ ಪೂಜೆ ಎಲ್ಲ ಒಂದೇ ಕಿವಿಯಲ್ಲಿ ಬಿದ್ದು ಬೆಳೆದದ್ದು. ಯಾವ ಹಬ್ಬಕ್ಕೆ ಯಾವ ಮನೆಯಿಂದ ಯಾವ ಡಬ್ಬಿ ಬರುತ್ತದೆ ಅಂತ ಕಣ್ಣು ಮುಚ್ಚಿ ಹೇಳಬಲ್ಲೆ. ಆದರೆ ಆ ಮನೆಯವರು ಬಾಗಿಲು ಮುಂದೆ ಮಾಡಿಕೊಂಡು ಕೂತಾಗ ದೇವರ ಜೊತೆ ಏನು ಮಾತಾಡುತ್ತಾರೆ? ಒಂದು ದಿನವಾದರೂ ಕೇಳಿದ್ದೇವಾ? ಡಬ್ಬಿ ತೊಳೆದು, ಖಾಲಿ ಕೊಡಬಾರದು ಅಂತ ಚೂರು ಸಕ್ಕರೆ ಹಾಕಿ ವಾಪಸು ಕೊಟ್ಟರೆ ನಮ್ಮ ಸರ್ವಧರ್ಮ ಮುಗಿಯಿತು.

ಶಾಂತಮ್ಮ ಸಿಸ್ಟರಿಗೆ ಫೋನ್ ಹಚ್ಚಿದೆ. ಮೆಥೋಡಿಸ್ಟ್ ಮನೆಯವರು, ಬೀದರದಲ್ಲಿ ನರ್ಸ್ ಆಗಿದ್ದವರು, ಬಹಳ ವರ್ಷ ನಮ್ಮ ಬಾಜೂ ಮನೆಯವರು. ರಿಟೈರ್ ಆದ ಮೇಲೆ ಗಂಡನ ಊರು ಹಲಬರ್ಗಾಕ್ಕೆ ಹೋಗಿದ್ದಾರೆ. “ಬರ್ರಿ, ಬರ್ರಿ. ಶನಿವಾರ ಸಂಜಿಗಿ ನಮ್ಮ ಮನ್ಯಾಗೇ ಪ್ರಾರ್ಥನಿ ಅದ. ಮಾಸ್ತರ್ದು ಸೋಮವಾರ ಹೈದರಾಬಾದಿನಾಗ ಆಪರೇಷನ್ ಅದರಿ” ಅಂದರು.

ಮಾಸ್ತರು ಅಂದರೆ ಅವರ ಗಂಡ ದೇವದಾಸ ಮಾಸ್ತರು. ದನಿಗೇ ಹೆಸರಾದ ಮನುಷ್ಯ. ಅವರು ಸಾಲಿಯೊಳಗೆ ಮಗ್ಗಿ ಹೇಳಿಸಿದರೆ ಬಸ್ ಕಾಯುತ್ತ ನಿಂತ ಮಂದಿಯೂ ರಸ್ತೆಯಿಂದ ಹೇಳುತ್ತಿದ್ದರಂತೆ. ಚರ್ಚಿನಲ್ಲಿ ಹಾಡು ಎತ್ತಿಕೊಡುವವರು ಅವರೇ. ಈಗ ಅದೇ ಗಂಟಲಲ್ಲಿ ಗಂಟು. ಗಂಟು ತೆಗೆಯುತ್ತೇವೆ, ದನಿ ಉಳಿಯುವ ಗ್ಯಾರಂಟಿ ಕೊಡುವುದಿಲ್ಲ ಅಂತ ಡಾಕ್ಟರು ಹೇಳಿಬಿಟ್ಟಿದ್ದರು.

ಅಕ್ಷತಾಳಿಗೆ ಸಂಕೋಚ. “ಇಂಥಾ ಟೈಮಿನ್ಯಾಗ ಹೋಗಿ ಫೋನ್ ಇಟ್ಟು ರೆಕಾರ್ಡ್ ಮಾಡೋದು ಛಲೋ ಕಾಣ್ತದೇನ್ರಿ?” ಅಂತ ಸಿಸ್ಟರನ್ನೇ ಕೇಳಿದಳು. “ಮಾಡ್ಕೋವಾ. ದೇವರಿಗಿ ಕೇಳೋದು ನಿನಗ ಕೇಳಿದ್ರ ಏನು ತಪ್ಪು?” ಅಂದರು ಸಿಸ್ಟರ್.

ಶನಿವಾರ ಸಂಜೆ ಹೋದೆವು. ಪಡಸಾಲೆ ತುಂಬ ಮಂದಿ. ಗೋಡೆಗೆ ಒರಗಿ ಮಾಸ್ತರು, ಕೊರಳಿಗೆ ಮಫ್ಲರ್. ಅಕ್ಷತಾ ಅವರ ಪಕ್ಕ, ನಾನು ಅಕ್ಷತಾಳ ಪಕ್ಕ. ಹಾಡು ಮುಗಿದ ಮೇಲೆ ಸಿಸ್ಟರ್ ನಮ್ಮಿಬ್ಬರಿಗೆ ಕಾಯ್ದೆ ತಿಳಿಸಿದರು. “ಬಾಗಲ ಕಡಿಂದ ಶುರು ಆಗ್ತದ, ಕಡೀಕ ಮನಿ ಯಜಮಾನ. ನಮ್ಮಲ್ಲಿ ಪಾಳಿ ಬಿಡಂಗಿಲ್ರಿ. ಒಂದೇ ಮಾತಿರ್ಲಿ, ಬಾಯಿ ಬಿಟ್ಟು ಹೇಳ್ಬೇಕು.”

ಮೊದಲ ಹೆಣ್ಣುಮಗಳು ಮಾಸ್ತರರ ಗಂಟಲಿನಿಂದ ಶುರು ಮಾಡಿದಳು. ಅಲ್ಲಿಂದ ತನ್ನ ಮೊಳಕಾಲ ನೋವು, ತೊಗರಿಗೆ ಬಿದ್ದ ಹುಳ, ಭಾಲ್ಕಿಯಲ್ಲಿ ಮಗಳ ಬಾಣಂತನ, ಅಳಿಯನ ಸಿಟ್ಟು ಎಲ್ಲ ಸುತ್ತಿ ಮತ್ತೆ ಮಾಸ್ತರರ ಗಂಟಲಿಗೇ ಬಂದು ನಿಂತಳು. ಪ್ರಾರ್ಥನೆ ಅಂದರೆ ನಾನು ಏನೇನೋ ಅಂದುಕೊಂಡಿದ್ದೆ. ಇದು ನಾವು ತವರಿಗೆ ಫೋನ್ ಮಾಡಿದ ಹಾಗೇ ಇತ್ತು!

ಪಾಳಿ ನನ್ನ ತನಕ ಬಂತು. ಏನು ಹೇಳಲಿ? ಅವರ ದೇವರ ಜೊತೆ ನನಗೆ ಪರಿಚಯ ಇಲ್ಲ. ಪರಿಚಯ ಇದ್ದವರನ್ನೇ ಕರೆದೆ. “ಬಸವಣ್ಣಾ, ನಮ್ಮ ಮಾಸ್ತರಿಗಿ ಆರಾಮ ಮಾಡಪ್ಪಾ.” ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ.

“ಆಮೆನ್” ಅಂತು ಇಡೀ ಪಡಸಾಲೆ. ಒಬ್ಬರೂ ಕಣ್ಣು ತೆರೆಯಲಿಲ್ಲ. (ನಾನು ತೆರೆದಿದ್ದೆ. ಅದಕ್ಕೇ ಗೊತ್ತು.)

ಮುಂದಿನ ಪಾಳಿ ಅಕ್ಷತಾಳದು. “ನಾ ಬರೀ ನೋಡ್ಲಿಕ್ಕೆ ಬಂದೀನ್ರಿ. ನನ್ನ ಪಾಳಿ ಬಿಡ್ರಿ” ಅಂದಳು, ಸಣ್ಣ ದನಿಯಲ್ಲಿ. “ಆಯ್ತವಾ, ಬಿಡು” ಅಂದರು ಸಿಸ್ಟರ್. ಅವರ ಮುಖ ಜರಾ ಸಪ್ಪಗಾಯಿತು. ನನಗೆ ಹುಡುಗಿಯ ಮೇಲೆ ಸಿಟ್ಟೇ ಬಂತು. ಒಂದು ಮಾತು ಅಂದಿದ್ದರೆ ಡಿಗ್ರಿ ಕಸಿದುಕೊಳ್ಳುತ್ತಿದ್ದರೇ?

ಕೊನೆಗೆ ಮಾಸ್ತರು. ಬಾಯಿ ತೆರೆದರು. ಗಾಳಿ ಬಂತು, ಮಾತು ಬರಲಿಲ್ಲ. ಕೆಮ್ಮಿ ಮತ್ತೊಮ್ಮೆ ನೋಡಿದರು. ಇಲ್ಲ. ಊರಿಗೆಲ್ಲ ಕೇಳುತ್ತಿದ್ದ ದನಿ ಪಕ್ಕದಲ್ಲಿ ಕೂತ ನಮಗೇ ಕೇಳಲಿಲ್ಲ.

ಸಿಸ್ಟರ್ ಧೈರ್ಯ ಬಿಡಲಿಲ್ಲ. “ಬಾಜೂದಾಕಿ ಕಿವ್ಯಾಗ ಹೇಳ್ರಿ, ಆಕಿ ಜೋರಾಗಿ ಹೇಳ್ತಾಳ. ನಮ್ಮ ಅತ್ತಿಗಿ ಲಕ್ವಾ ಹೊಡದಾಗ ಹಿಂಗೇ ಮಾಡ್ತಿದ್ದೆವು. ಬಾಯಿ ಬರದವರ ಮಾತು ಬಾಜೂದವರು ಹೇಳ್ಬೇಕು.”

ಬಾಜೂಕ್ಕೆ ಯಾರಿದ್ದಾರೆ? ಒಂದು ಕಡೆ ಗೋಡೆ. ಇನ್ನೊಂದು ಕಡೆ ಅಕ್ಷತಾ!

ಅವಳು ನನ್ನ ಮುಖ ನೋಡಿದಳು. ನಾನು ಜಮಖಾನೆಯ ಗೆರೆ ನೋಡಿದೆ. ಅಷ್ಟರಲ್ಲಿ ಮಾಸ್ತರು ಅವಳ ಕಡೆ ಬಾಗಿದ್ದರು. ಈಗ ಹ್ಯಾಂಗ ಒಲ್ಲೆ ಅನ್ನುತ್ತಾಳೆ? ಅವರು ಪಿಸುಗುಟ್ಟಿದರು, ಇವಳು ಹೇಳಿದಳು.

“ದೇವರೇ, ಈ ದಿನಕ್ಕ ವಂದನೆ.”

“ಇಷ್ಟು ಮಂದಿ ಬಂದಾರ, ಇವರ ಮನಿ ತಂಪಾಗಿಡು.”

“ಶಾಂತಾಗ ಧೈರ್ಯ ಕೊಡು. ಹೊರಗ ಹುಲಿ, ಒಳಗ ಅಂಜುಬುರುಕಿ.”

ಸಿಸ್ಟರ್ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ನಕ್ಕರು. ಆಮೇಲೆ ಮಾಸ್ತರು ಇನ್ನೊಂದು ಮಾತು ಪಿಸುಗುಟ್ಟಿದರು. ಅಕ್ಷತಾ ಸುಮ್ಮನೆ ಕೂತಳು. ಕೇಳಿಸಲಿಲ್ಲವೇನೋ ಅಂತ ಅವರು ಮತ್ತೊಮ್ಮೆ ಹೇಳಿದರು.

“ದನಿ ಉಳಿಸು ಸ್ವಾಮಿ” ಅಂದಳು ಹುಡುಗಿ. “ನನಗ ನನ್ನ ದನಿ ಬೇಕು.”

ಮಾಸ್ತರು ಹೊರಳಿ ಅವಳನ್ನು ನೋಡಿದರು. ಆಮೇಲೆ ಎಲ್ಲರ ಜೊತೆ “ಆಮೆನ್” ಅಂದರು. ಒಡೆದ ದನಿ, ಆದರೂ ಕೇಳಿಸಿತು. ಆ ಸಂಜೆ ಅವರ ಬಾಯಿಂದ ಎಲ್ಲರಿಗೂ ಕೇಳಿಸಿದ್ದು ಅದೊಂದೇ ಮಾತು.

ಚುರುಮುರಿ ಸುಸಲಾ, ಚಹಾ ಆಯಿತು. ಬೀದರದ ಬಸ್ಸು ಹತ್ತಿದೆವು. ಅಕ್ಷತಾ ಕಿಟಕಿಗೆ ಮುಖ ಹಚ್ಚಿ ಕೂತಿದ್ದಳು. ನಾನು ಕೆಣಕಿದೆ, “ಏನವ್ವಾ, ಒಳಗ ಸೇರಂಗಿಲ್ಲ ಅಂದಿದ್ದಿ?”

“ಅತ್ತಿ, ಅವರು ಹಂಗ ಅಂದಿಲ್ರಿ.”

“ಮತ್ತ ಏನಂದ್ರು?”

“‘ದನಿ ಇಟ್ರ ಇಡು, ಒಯ್ದ್ರ ಒಯ್ಯಿ, ಕೊಟ್ಟಾಂವ ನೀನೇ’ ಅಂದ್ರು. ಎರಡೂ ಸಲ ಅದೇ ಅಂದ್ರು. ಒಯ್ಯಿ ಅನ್ಲಿಕ್ಕೆ ನನ್ನ ಬಾಯಿ ಬರ್ಲಿಲ್ರಿ. ನನಗೇನು ಬೇಕಿತ್ತೋ ಅದು ಹೇಳ್ಬಿಟ್ಟೆ.”

ಅಯ್ಯೋ ಶಿವನೇ! ಪಾಳಿ ಬಿಡ್ರಿ ಅಂದವಳು ಇನ್ನೊಬ್ಬರ ಪಾಳಿಯಲ್ಲಿ ತನ್ನ ಪ್ರಾರ್ಥನೆ ಮಾಡಿ ಬಂದಿದ್ದಳು.

“ಅವರ ಮಾತು ಕೆಡಿಸಿದೆ ಅತ್ತಿ” ಅಂತ ಕಣ್ಣಲ್ಲಿ ನೀರು ತಂದುಕೊಂಡಳು. “ರೆಕಾರ್ಡಿನ್ಯಾಗ ನನ್ನ ದನಿ ಅಷ್ಟೇ ಅದ. ಇದು ಯಾರ ಪ್ರಾರ್ಥನಿ ಅಂತ ಬರೀಲಿ?”

“ದೇವರಿಗಿ ಕಿವಿ ಇಲ್ಲೇನು? ಅವರು ಅಂದದ್ದೂ ಕೇಳ್ಯಾನ, ನೀ ಅಂದದ್ದೂ ಕೇಳ್ಯಾನ.”

“ಇದನ್ನ ಫುಟ್‌ನೋಟಿನ್ಯಾಗ ಹಾಕ್ಲೇನ್ರಿ?” ಅಂತ ಅಳುತ್ತಲೇ ಕೇಳಿದಳು ಮಾರಾಯ್ತಿ.

ನನ್ನ ತಲೆಯೊಳಗೆ ಮಾತ್ರ ಹುಳ ಬಿಟ್ಟಂತಾಗಿದೆ. ಮಾಸ್ತರು ಯಾತಕ್ಕೆ ಆಮೆನ್ ಅಂದರು? ತಾವು ಬೇಡಲು ನಾಚಿದ್ದನ್ನು ಹುಡುಗಿ ಬೇಡಿದಳು ಅಂತಲೋ? ಪಾಪ ಕೂಸು, ಬಯಲಿಗೆ ಎಳೆಯಬಾರದು ಅಂತಲೋ? ಎಲ್ಲ ನಿನಗೇ ಬಿಟ್ಟೆ ಅನ್ನುವುದು ದೊಡ್ಡ ಭಕ್ತಿಯೋ, ನನಗೆ ಬೇಕು ಅಂತ ಬಾಯಿಬಿಟ್ಟು ಕೇಳುವುದು ದೊಡ್ಡದೋ? ಇಷ್ಟು ವರ್ಷ ಲಿಂಗಪೂಜೆ ಮಾಡಿದವಳು ನಾನು, ಈ ಪ್ರಶ್ನೆ ಒಮ್ಮೆಯೂ ಹೊಳೆದಿರಲಿಲ್ಲ ನೋಡಿ. ಧರ್ಮ ಓದುವುದು ಅಂದರೆ ಇದೇ ಇರಬೇಕು ಅಂತ ತಮ್ಮನಿಗೂ ಹೇಳಿದೆ. “ಹಂಗಾದ್ರ ಓದ್ಲಿ ಬಿಡು” ಅಂದ.

ಅಕ್ಷತಾ ಗೈಡಿಗೆ ಇದ್ದದ್ದು ಇದ್ದ ಹಾಗೆ ಹೇಳಿದಳು. ಆ ಸಂಜೆಯನ್ನು ಪ್ರಬಂಧದಿಂದ ತೆಗೆದುಹಾಕು, ಕೆಲಸಕ್ಕೆ ಬರುವುದಿಲ್ಲ ಅಂದರಂತೆ. ಇವಳು ವಾದ ಮಾಡಲಿಲ್ಲ. ತೆಗೆದಳು.

ಮಾಸ್ತರರ ಆಪರೇಷನ್ ಆಯಿತು. ಗಂಟು ಕೆಟ್ಟದ್ದಲ್ಲವಂತೆ. ಆದರೆ ಸದ್ಯ ಬಾಯಿ ತೆರೆಯುವ ಹಾಗಿಲ್ಲ, ದನಿಯ ಮಾತು ಆಮೇಲೆ. ನಿನ್ನೆ ಸಿಸ್ಟರಿಗೆ ಫೋನ್ ಮಾಡಿದಾಗ ಅಂದರು, “ನಿಮ್ಮ ಹುಡುಗಿ ದಿನಾ ಮುಂಜಾನಿ ಫೋನ್ ಹಚ್ತಾಳ್ರಿ. ಬ್ಯಾರೆ ಏನೂ ಕೇಳಂಗಿಲ್ಲ. ‘ದನಿ ಬಂತೇನ್ರಿ’ ಅಂತಾಳ, ಇಲ್ಲ ಅಂದ್ರ ‘ನಾಳಿಗಿ ಬರ್ತದ ತಗೋರಿ’ ಅಂತಾಳ, ಇಡ್ತಾಳ.”

ಗೈಡ್ ಸಾಹೇಬರೇ, ಪ್ರಬಂಧದಿಂದ ತೆಗೆಸಿದಿರಿ, ಆಯಿತು. ಈ ದಿನಾ ಮುಂಜಾನೆಯ ಫೋನಿಗೆ ಏನಂತ ಹೆಸರಿಡುತ್ತೀರಿ?